ಮೊದಲು ಪ್ರಶ್ನೆ, ಆಮೇಲೆ ವೇಳೆ: ಚಿಲ್ಲರೆ ಕೆಲಸದ ನಡುವೆ ಪ್ರಾಡಕ್ಟ್ ಮ್ಯಾನೇಜರ್ ಯೋಚನೆಗೆ ಜಾಗ ಮಾಡಿಕೊಳ್ಳುವ ಬಗೆ

ಶಿರಸಿ, ಕುಮಟಾ, ಕಾರವಾರದ ಮನೆಗಳಲ್ಲಿ ಕುಳಿತು ಬೆಂಗಳೂರಿನ ಅಥವಾ ಹೊರದೇಶದ ಕಂಪನಿಗಳಿಗೆ ಕೆಲಸ ಮಾಡುವವರು 2020ರ ನಂತರ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಪರೂಪವಾಗಿ ಉಳಿದಿಲ್ಲ. ಅವರಲ್ಲಿ ಪ್ರಾಡಕ್ಟ್ ಮ್ಯಾನೇಜರ್, ಅಂದರೆ ಆ್ಯಪ್ ಅಥವಾ ಸಾಫ್ಟ್‌ವೇರಿನಲ್ಲಿ ಏನಿರಬೇಕೆಂದು ತೀರ್ಮಾನಿಸುವ ಹೊಣೆಗಾರ, ಆಗಿರುವವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು: ಬೆಳಿಗ್ಗೆ ತೆರೆದ ಲ್ಯಾಪ್‌ಟಾಪ್ ಮುಚ್ಚುವುದು ರಾತ್ರಿಯೇ, ನಡುವೆ ಉಸಿರಾಡಲು ಪುರಸೊತ್ತಿಲ್ಲ, ಆದರೂ ಇವತ್ತು ಏನನ್ನು ತೀರ್ಮಾನಿಸಿದೆ ಎಂದು ತಮ್ಮನ್ನೇ ಕೇಳಿಕೊಂಡರೆ ಹೇಳಲು ಏನೂ ಸಿಗುವುದಿಲ್ಲ. ಕೆಲಸಗಳ ಪಟ್ಟಿ ಇಡುವ ಜಿರಾ ತಂತ್ರಾಂಶದಲ್ಲಿ ಟಿಕೆಟ್‌ಗಳನ್ನು (ಒಂದೊಂದು ಕೆಲಸದ ನಮೂದುಗಳನ್ನು) ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಸರಿಸಿದ್ದು, ಕಚೇರಿಯ ಮೆಸೇಜುಗಳ ಆ್ಯಪ್ ಆದ ಸ್ಲ್ಯಾಕ್‌ನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸಿದ್ದು, ಮಾರಾಟ ವಿಭಾಗಕ್ಕೆ ಬೇಕಾದ ಅಂಕಿಗಳನ್ನು ತೆಗೆದುಕೊಟ್ಟದ್ದು, ವಾರದ ವರದಿಯ ಸ್ಲೈಡ್‌ಗಳನ್ನು ತಿದ್ದಿದ್ದು, ಇಷ್ಟರಲ್ಲೇ ದಿನ ಕಳೆದಿರುತ್ತದೆ. ಇವುಗಳಲ್ಲಿ ಯಾವುದೂ ಅನಗತ್ಯ ಎಂದು ಹೇಳಲಾಗದು, ಆದರೆ ಪ್ರಾಡಕ್ಟ್ ಮ್ಯಾನೇಜರ್ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಮುಖ್ಯವಾಗಿ ಇವುಗಳಿಗಾಗಿ ಅಲ್ಲ.

ಈ ಹುದ್ದೆಯ ಮೂಲವನ್ನು ಸಾಮಾನ್ಯವಾಗಿ 1931ರ ಮೇ ತಿಂಗಳಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಬರೆದ ಒಂದು ಆಂತರಿಕ ಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಆಗ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ಆತ, ಪ್ರತಿ ಬ್ರ್ಯಾಂಡಿಗೂ ಒಬ್ಬ ಹೊಣೆಗಾರ ಬೇಕೆಂದು ವಾದಿಸಿದ್ದ. ಸರಕು ಎಲ್ಲಿ ಚೆನ್ನಾಗಿ ಹೋಗುತ್ತಿದೆ, ಎಲ್ಲಿ ಸೊರಗಿದೆ ಎಂಬುದನ್ನು ಆ ಹೊಣೆಗಾರ ಅಭ್ಯಾಸ ಮಾಡಬೇಕು, ಸೊರಗಿದ ಕಡೆ ಅಂಗಡಿಯವರನ್ನೂ ಕೊಳ್ಳುವವರನ್ನೂ ಖುದ್ದಾಗಿ ಕಂಡು ಕಾರಣ ಹುಡುಕಬೇಕು, ಆಮೇಲೆ ಪರಿಹಾರದ ಯೋಜನೆ ಮುಂದಿಡಬೇಕು. ಅಂದರೆ ಈ ಕೆಲಸ ಹುಟ್ಟಿದ್ದೇ ಅಭ್ಯಾಸ ಮತ್ತು ಕಾರಣ ಶೋಧನೆಯ ಕೆಲಸವಾಗಿ. ವರದಿ ಒಪ್ಪಿಸುವುದು, ಮೀಟಿಂಗು ಕರೆಯುವುದು ಆಮೇಲೆ ಅದಕ್ಕೆ ಅಂಟಿಕೊಂಡವು. ಅವು ಬೇಗ ಬೆಳೆಯುವುದಕ್ಕೂ ಕಾರಣವಿದೆ. ಎಂಜಿನಿಯರಿಗೆ ತೋರಿಸಲು ಕೋಡ್ ಇದೆ, ಡಿಸೈನರಿಗೆ ಚಿತ್ರವಿದೆ, ಪ್ರಾಡಕ್ಟ್ ಮ್ಯಾನೇಜರಿಗೆ ಹಾಗೆ ಕೈಗೆ ಸಿಗುವಂಥದ್ದು ಏನೂ ಇಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಚಿಲ್ಲರೆ ಕೆಲಸಗಳೇ ತಾನು ದುಡಿಯುತ್ತಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ದೂರದ ಊರಿನಿಂದ ಕೆಲಸ ಮಾಡುವವರಿಗಂತೂ, ಕಾಣಿಸಿಕೊಳ್ಳಬೇಕೆಂಬ ಈ ಒತ್ತಡ ಇನ್ನಷ್ಟು ಹೆಚ್ಚು.

ವೇಳೆಗಿಂತ ಮೊದಲು ಪ್ರಶ್ನೆ

ಈ ವಿಷಯದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎಂದರೆ ಕ್ಯಾಲೆಂಡರಿನಲ್ಲಿ ಎರಡು ಗಂಟೆ ಕಾದಿರಿಸಿ, ನೋಟಿಫಿಕೇಶನ್ ಬಂದ್ ಮಾಡಿ, ಯೋಚಿಸಿ ಎಂಬುದು. ಅದರಂತೆ ಮಾಡಿದ ಬಹಳಷ್ಟು ಜನ ಆ ಎರಡು ಗಂಟೆಯಲ್ಲಿ ಬ್ಯಾಕ್‌ಲಾಗ್ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ) ತೆರೆದು ಟಿಕೆಟ್‌ಗಳನ್ನು ಒಪ್ಪ ಮಾಡುತ್ತ ಕೂರುತ್ತಾರೆ. ಯೋಚಿಸಲು ಒಂದು ನಿರ್ದಿಷ್ಟ ವಿಷಯವಿಲ್ಲದಿದ್ದರೆ ಖಾಲಿ ವೇಳೆ ತಾನಾಗಿ ಚಿಲ್ಲರೆ ಕೆಲಸದ ಕಡೆಗೇ ಹರಿಯುತ್ತದೆ. ಆದ್ದರಿಂದ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ: ವಾರಕ್ಕೆ ಒಂದು ಪ್ರಶ್ನೆಯನ್ನು, ಒಂದೇ ಪ್ರಶ್ನೆಯನ್ನು, ಪೂರ್ಣ ವಾಕ್ಯದಲ್ಲಿ ಬರೆದಿಟ್ಟುಕೊಂಡು, ಆನಂತರ ಅದಕ್ಕೆ ವೇಳೆ ಹುಡುಕಬೇಕು.

ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ಅದರ ಉತ್ತರ ಹೌದೆಂದಾದರೆ ಒಂದು ಕೆಲಸ, ಅಲ್ಲವೆಂದಾದರೆ ಬೇರೆಯೇ ಕೆಲಸ ಎನ್ನುವಂತಿರಬೇಕು. ಯಾವ ಉತ್ತರ ಬಂದರೂ ತಂಡ ಮಾಡುವುದು ಅದನ್ನೇ ಎಂದಾದರೆ ಆ ಪ್ರಶ್ನೆಗೆ ಬೆಳಗಿನ ಹೊತ್ತನ್ನು ಕೊಡುವುದು ದಂಡ. ಎರಡನೆಯದಾಗಿ, ಪ್ರಶ್ನೆಯಲ್ಲಿ ಬಳಕೆದಾರ ಇರಬೇಕು. ‘ನಮ್ಮ ಮುಂದಿನ ಮೂರು ತಿಂಗಳ ಕಾರ್ಯಯೋಜನೆ ಏನು’ ಎಂಬುದು ಪ್ರಶ್ನೆಯಂತೆ ಕಂಡರೂ ಅದು ಒಂದು ದಾಖಲೆಯ ಹೆಸರು ಮಾತ್ರ.

ಇದನ್ನು ಹತ್ತಿರದಿಂದ ನೋಡಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಶಿರಸಿ ಸೀಮೆಯ ಬೆಳೆಗಾರರಿಗೆ ದಿನದ ಅಡಿಕೆ ಧಾರಣೆಯನ್ನು ತಿಳಿಸುವ, ಬೇಕೆಂದರೆ ಮಾರಾಟಕ್ಕೆ ಹೆಸರು ನೋಂದಾಯಿಸಿಕೊಳ್ಳುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಧಾರಣೆ ನೋಡಲು ಜನ ದಿನವೂ ಬರುತ್ತಾರೆ, ನೋಂದಾಯಿಸುವವರು ಮಾತ್ರ ಬೆರಳೆಣಿಕೆಯಷ್ಟು. ಬ್ಯಾಕ್‌ಲಾಗ್‌ನಲ್ಲಿ ಸಲಹೆಗಳಿಗೆ ಬರವಿಲ್ಲ: ಧಾರಣೆ ಏರಿದಾಗ ನೋಟಿಫಿಕೇಶನ್ ಕಳಿಸಬೇಕು, ಹವಾಮಾನ ಸೇರಿಸಬೇಕು, ಕೊಳೆ ರೋಗದ ಔಷಧಿಯ ಮಾಹಿತಿ ಕೊಡಬೇಕು, ನೋಂದಣಿಯ ಬಟನ್ನಿನ ಬಣ್ಣ ಬದಲಿಸಬೇಕು. ಇವೆಲ್ಲಕ್ಕೂ ಸ್ಪೆಕ್ (ಏನನ್ನು ಹೇಗೆ ಕಟ್ಟಬೇಕೆಂಬ ವಿವರ) ಬರೆಯುತ್ತ ಹೋದರೆ ಮಳೆಗಾಲ ಮುಗಿಯುವವರೆಗೆ ತಂಡದ ಯಾರ ಕೈಯೂ ಖಾಲಿಯಾಗದು. ಯೋಚನೆಗೆ ಕೂರುವವನು ಬರೆದುಕೊಳ್ಳಬೇಕಾದ ಪ್ರಶ್ನೆ ಇದು: ದಿನವೂ ಧಾರಣೆ ನೋಡುವ ಬೆಳೆಗಾರ, ಮಾರಲು ಮನಸ್ಸು ಮಾಡಿದ ದಿನ ಆ್ಯಪ್ ಬಿಟ್ಟು ಯಾರಿಗೋ ಫೋನ್ ಮಾಡುವುದು ಏಕೆ?

ಈಗ ಹಾಳೆಯ ಮೇಲೆ ಗೊತ್ತಿರುವುದನ್ನು ಇಳಿಸುತ್ತ ಹೋಗಬೇಕು. ಮಾರುಕಟ್ಟೆಯ ಧಾರಣೆ ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ಮಾಲು ಮಾರಾಟವಾದ ದರ ಎಂದು ಮೂರು ಅಂಕಿಗಳಲ್ಲಿ, ಕ್ವಿಂಟಲ್ ಲೆಕ್ಕದಲ್ಲಿ ಬರುತ್ತದೆ. ಎಳೆಯ ಕಾಯಿ ಸುಲಿದು ಬೇಯಿಸಿ ಒಣಗಿಸಿದ ‘ರಾಶಿ’ ಅಡಿಕೆಗೆ ಒಂದು, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಆಮೇಲೆ ಸುಲಿದ ಚಾಲಿಗೆ ಇನ್ನೊಂದು, ಬೆಟ್ಟೆ, ಕೆಂಪುಗೋಟು, ಬಿಳೆಗೋಟುಗಳಿಗೆ ಬೇರೆ ಬೇರೆ. ಒಂದೇ ದಿನ, ಒಂದೇ ಜಾತಿಯಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ದೊಡ್ಡ ಅಂತರವಿರುತ್ತದೆ, ಏಕೆಂದರೆ ವ್ಯಾಪಾರಸ್ಥರು ಲಾಟನ್ನು, ಅಂದರೆ ಒಬ್ಬ ಬೆಳೆಗಾರ ಮಾರಾಟಕ್ಕಿಟ್ಟ ಅಡಿಕೆಯನ್ನು, ಕಣ್ಣಿಂದ ನೋಡಿ, ಕೈಯಲ್ಲಿ ಹಿಡಿದು, ಬಣ್ಣ, ಗಾತ್ರ, ಒಣಗಿದ ಹದ ಅಂದಾಜಿಸಿ ಟೆಂಡರ್ ಹಾಕುತ್ತಾರೆ. ಹಾಗಾದರೆ ಬೆಳೆಗಾರನಿಗೆ ಬೇಕಾಗಿರುವುದು ಮಾರುಕಟ್ಟೆಯ ಧಾರಣೆಗಿಂತ ಹೆಚ್ಚಾಗಿ ತನ್ನ ಚೀಲದಲ್ಲಿರುವ ಅಡಿಕೆಗೆ ಏನು ಬಿದ್ದೀತು ಎಂಬ ಅಂದಾಜು. ಅದನ್ನು ಹೇಳಬಲ್ಲವನು ಹೋದ ವರ್ಷ ಅವನ ಅಡಿಕೆ ನೋಡಿದ, ವಖಾರಿಯಲ್ಲಿ (ಅಡಿಕೆ ವ್ಯಾಪಾರದ ಗೋದಾಮಿನಲ್ಲಿ) ಓಡಾಡುವ ಪರಿಚಯಸ್ಥ. ಆದ್ದರಿಂದ ಫೋನ್ ಅವನಿಗೆ ಹೋಗುತ್ತದೆ.

ಇಲ್ಲಿಗೆ ಬಂದ ಮೇಲೆ ಬ್ಯಾಕ್‌ಲಾಗ್‌ನ ರೂಪವೇ ಬೇರೆಯಾಗುತ್ತದೆ. ನೋಟಿಫಿಕೇಶನ್ ಎಷ್ಟು ಕಳಿಸಿದರೂ ಆ ಫೋನ್ ನಿಲ್ಲುವುದಿಲ್ಲ. ಬೆಳೆಗಾರನ ಹಿಂದಿನ ಲಾಟುಗಳು ಆಯಾ ದಿನದ ಕನಿಷ್ಠ ಮತ್ತು ಗರಿಷ್ಠದ ನಡುವೆ ಎಲ್ಲಿ ನಿಂತಿದ್ದವು ಎಂದು ತೋರಿಸಿ, ಅದೇ ಅಳತೆಯಲ್ಲಿ ಇವತ್ತಿನ ಅಂದಾಜು ಕೊಡುವುದು ಪರೀಕ್ಷಿಸಿ ನೋಡಬಹುದಾದ ಒಂದು ಊಹೆ. ಅದು ತಪ್ಪೂ ಇರಬಹುದು. ಈ ವರ್ಷ ಮಳೆ ಹಿಡಿದು ಅಡಿಕೆಯ ಬಣ್ಣ ಕೆಟ್ಟಿದ್ದರೆ ಹಳೆಯ ಲಾಟು ಯಾವುದಕ್ಕೂ ಸಾಕ್ಷಿಯಾಗದು. ಫೋನ್ ಮಾಡುವುದು ಧಾರಣೆಗಾಗಿ ಅಲ್ಲದೆ ಹಣ ಯಾವಾಗ ಖಾತೆಗೆ ಬರುತ್ತದೆ ಎಂದು ಕೇಳಲೂ ಇರಬಹುದು. ಆದರೆ ಈ ಎರಡು ಸಂದೇಹಗಳನ್ನು ನಾಲ್ಕಾರು ಬೆಳೆಗಾರರೊಡನೆ ಮಾತಾಡಿ ಬಗೆಹರಿಸಿಕೊಳ್ಳಬಹುದು, ಒಂದು ಸಾಲು ಕೋಡ್ ಬರೆಯುವ ಮೊದಲೇ. ಕೂತು ಯೋಚಿಸಿದ್ದರ ಫಲ ಹೀಗೆ ಒಂದು ಪುಟದಲ್ಲಿ ಹಿಡಿಸುವಂತಿರಬೇಕು: ಪ್ರಶ್ನೆ, ಗೊತ್ತಿರುವುದು, ಊಹೆ, ಊಹೆ ಸುಳ್ಳಾಗುವ ಸಂದರ್ಭ, ಮುಂದಿನ ಹೆಜ್ಜೆ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ವೈಶಿಷ್ಟ್ಯಗಳಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವ ಪದ್ಧತಿಗಳಿವೆ. ಇಂಟರ್‌ಕಾಮ್ ಕಂಪನಿಯಲ್ಲಿ ಹುಟ್ಟಿದ ರೈಸ್ ಎಂಬುದು ಅವುಗಳಲ್ಲಿ ಪ್ರಸಿದ್ಧ. ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ ಬೀರುತ್ತದೆ, ನಮಗೆ ಎಷ್ಟು ಖಾತರಿ ಇದೆ ಎಂಬ ಮೂರನ್ನು ಗುಣಿಸಿ, ಬೇಕಾಗುವ ಶ್ರಮದಿಂದ ಭಾಗಿಸುವುದು ಅದರ ಲೆಕ್ಕ. ಲೆಕ್ಕದಲ್ಲಿ ತಪ್ಪೇನಿಲ್ಲ, ಆದರೆ ನಾಲ್ಕರಲ್ಲಿ ಮೂರು ಅಂಕಿಗಳು ಅಂದಾಜಿನವೇ ಆಗಿರುವಾಗ ಹಾಳೆ ತುಂಬಿಸುವುದೇ ಯೋಚಿಸಿದಂತೆ ಭಾಸವಾಗುತ್ತದೆ. ಚಿಲ್ಲರೆ ಕೆಲಸ ಯೋಚನೆಯ ವೇಷ ಹಾಕಿಕೊಂಡು ಬರುವುದು ಹೆಚ್ಚಾಗಿ ಇಂಥ ಕಡೆ.

ಕೆಲಸಗಳನ್ನು ಬೇರ್ಪಡಿಸುವುದು

ಸ್ಟ್ರೈಪ್, ಟ್ವಿಟರ್, ಗೂಗಲ್ ಕಂಪನಿಗಳಲ್ಲಿ ಪ್ರಾಡಕ್ಟ್ ಹೊಣೆ ಹೊತ್ತಿದ್ದ ಶ್ರೇಯಸ್ ದೋಶಿ ಪ್ರಚಾರಕ್ಕೆ ತಂದ ಒಂದು ವಿಂಗಡಣೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೆಲಸಗಳನ್ನು ಆತ ಮೂರು ಬಗೆಯಾಗಿ ನೋಡುತ್ತಾರೆ: ಹಾಕಿದ ಶ್ರಮಕ್ಕಿಂತ ಹಲವು ಪಟ್ಟು ಫಲ ಕೊಡುವವು, ಹಾಕಿದಷ್ಟೇ ಫಲ ಕೊಡುವವು, ಮತ್ತು ಮಾಡಲೇಬೇಕಾದರೂ ಹಾಕಿದಷ್ಟೂ ಫಲ ಕೊಡದಂಥವು. ಈ ವಿಂಗಡಣೆಯ ಸಾರ ಇರುವುದು ಮೂರನೆಯದರಲ್ಲಿ. ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂದು ಕಲಿತು ಬಂದವರಿಗೆ, ಅದರಲ್ಲೂ ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತವರಿಗೆ, ಕೆಲವನ್ನು ಬೇಕೆಂದೇ ಸುಮಾರಾಗಿ ಮಾಡಿ ಮುಗಿಸಬೇಕು ಎಂಬುದು ಒಪ್ಪಿಗೆಯಾಗುವುದು ಕಷ್ಟ. ವೆಚ್ಚದ ಬಿಲ್ಲು ಸಲ್ಲಿಸುವುದು, ಯಾರೂ ಎರಡನೆಯ ಸಲ ತೆರೆಯದ ಮೀಟಿಂಗಿನ ಟಿಪ್ಪಣಿ, ಒಳಗಿನವರಿಗಷ್ಟೇ ಹೋಗುವ ವಾರದ ವರದಿ, ಇವು ಓದಲು ಬಂದರೆ ಸಾಕು.

ಅಭ್ಯಾಸಕ್ಕೆ ಬರುವವರೆಗೆ ಹೀಗೆ ಮಾಡಬಹುದು. ಸೋಮವಾರ ಬೆಳಿಗ್ಗೆ ವಾರದ ಕೆಲಸಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ‘ಇದನ್ನು ಈ ವಾರ ಮಾಡದಿದ್ದರೆ ಕೇಳುವವರು ಯಾರು, ಎಂದು ಕೇಳುತ್ತಾರೆ’ ಎಂದು ಗುರುತು ಹಾಕಬೇಕು. ಯಾರ ಹೆಸರೂ ತೋಚದ ಕೆಲಸಗಳನ್ನು ಹೊಡೆದುಹಾಕಿ. ಹೆಸರು ತೋಚಿದರೂ ಆ ವ್ಯಕ್ತಿಗೆ ಬೇಕಾಗಿರುವುದು ಒಂದು ಅಂಕಿ ಅಥವಾ ಒಂದು ಸಾಲಾಗಿದ್ದರೆ ಸ್ಲೈಡಿನ ಬದಲು ಆ ಸಾಲನ್ನೇ ಕಳಿಸಿ. ಉಳಿದ ಚಿಲ್ಲರೆಯನ್ನು ಮಧ್ಯಾಹ್ನ ಊಟದ ನಂತರದ ಒಂದು ಗಂಟೆಗೆ ಒಟ್ಟು ಮಾಡಿ, ಆ ಗಂಟೆಯಲ್ಲಿ ಮುಗಿಯದ್ದನ್ನು ಮರುದಿನದ ಅದೇ ಗಂಟೆಗೆ ತಳ್ಳಬೇಕು.

ಹೀಗೆ ಒಟ್ಟು ಮಾಡುವುದಕ್ಕೆ ಆಧಾರವಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಯೋಚನೆಗೆ ಕೂತವನು ನಡುವೆ ಎರಡೇ ನಿಮಿಷ ಸ್ಲ್ಯಾಕ್ ನೋಡಿ ಬಂದರೆ ಕಳೆಯುವುದು ಆ ಎರಡು ನಿಮಿಷವಷ್ಟೇ ಅಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ.

ನಮ್ಮ ಕಡೆಯ ಹೊತ್ತು ಮತ್ತು ಮಳೆ

ಅಮೆರಿಕದ ತಂಡದೊಡನೆ ಕೆಲಸ ಮಾಡುವವರ ಮೀಟಿಂಗುಗಳು ಸಾಮಾನ್ಯವಾಗಿ ನಮ್ಮ ಸಂಜೆಗೆ ಬೀಳುತ್ತವೆ, ಆದ್ದರಿಂದ ಅವರ ಬೆಳಗು ಖಾಲಿ. ಆದರೆ ರಾತ್ರಿ ಬಂದು ಸೇರಿದ ಮೆಸೇಜುಗಳಿಗೆ ಉತ್ತರ ಬರೆಯುತ್ತ ಆ ಬೆಳಗನ್ನು ಕಳೆಯುವವರೇ ಹೆಚ್ಚು. ಕೇಳಿದವರ ಕೆಲಸದ ದಿನ ಆಗ ಮುಗಿದಿರುತ್ತದೆ. ಎಂಟಕ್ಕೆ ಬರೆದ ಉತ್ತರವನ್ನೂ ನಾಲ್ಕಕ್ಕೆ ಬರೆದ ಉತ್ತರವನ್ನೂ ಅವರು ಓದುವುದು ಒಂದೇ ಹೊತ್ತಿಗೆ. ಬೆಂಗಳೂರಿನ ತಂಡದವರಿಗೆ ಈ ಅನುಕೂಲವಿಲ್ಲ. ಬೆಳಗಿನ ಸ್ಟ್ಯಾಂಡಪ್‌ಗೆ (ತಂಡದ ದಿನನಿತ್ಯದ ಚುಟುಕು ಸಭೆಗೆ) ಮೊದಲಿನ ಒಂದೂವರೆ ಗಂಟೆಯನ್ನೇ ಅವರು ಹಿಡಿದುಕೊಳ್ಳಬೇಕು.

ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಘಟ್ಟದ ಮೇಲೆ ಯಾವ ಯೋಜನೆಯೂ ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಇನ್ವರ್ಟರ್ ಇದ್ದರೂ ಸ್ವಲ್ಪ ಹೊತ್ತಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಇದನ್ನು ಶಪಿಸುವುದಕ್ಕಿಂತ ಯೋಚನೆಯ ಸರದಿಗೆ ತಿರುಗಿಸಿಕೊಳ್ಳುವುದು ಲಾಭಕರ. ಅದಕ್ಕಾಗಿ ಹಿಂದಿನ ಸಂಜೆಯೇ ವಾರದ ಪ್ರಶ್ನೆಗೆ ಬೇಕಾದ ದತ್ತಾಂಶದ ಫೈಲ್, ಗ್ರಾಹಕರೊಡನೆ ಮಾತಾಡಿದ ರೆಕಾರ್ಡಿಂಗ್, ಹಳೆಯ ಸ್ಪೆಕ್ ಇವುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಳ್ಳಬೇಕು. ನೆಟ್ ಹೋದ ಮೇಲೆ ಹುಡುಕಲು ಹೊರಟರೆ ಮೊಬೈಲ್ ಹಿಡಿದು ಗುಡ್ಡ ಹತ್ತುವುದೇ ಕೆಲಸವಾಗುತ್ತದೆ. ಮೊದಲ ಕರಡನ್ನು ಕಾಗದದ ಮೇಲೆ ಬರೆಯುವ ರೂಢಿ ಇದ್ದವರಿಗೆ ಕರೆಂಟಿನ ಹಂಗೂ ಇಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾರವಾರ, ತದಡಿ, ಹೊನ್ನಾವರದ ಬಂದರುಗಳಲ್ಲಿ ಬಲೆ ಹೆಣೆಯುವುದು, ಎಂಜಿನ್ ರಿಪೇರಿ, ದೋಣಿಗೆ ಬಣ್ಣ ಎಲ್ಲವೂ ಆ ಅವಧಿಯ ಕೆಲಸ. ಸಾಫ್ಟ್‌ವೇರ್ ಕಂಪನಿಗಳಲ್ಲೂ ಇಂಥ ನಿಲುಗಡೆಯ ದಿನಗಳಿವೆ: ಹಬ್ಬದ ಮಾರಾಟದ ವಾರಗಳಲ್ಲಿ, ವರ್ಷದ ಕೊನೆಯಲ್ಲಿ ಹೊಸ ರಿಲೀಸ್ ಬೇಡವೆಂದು ಅನೇಕ ಕಡೆ ನಿಯಮವಿರುತ್ತದೆ. ಆ ದಿನಗಳು ಮೊದಲೇ ಗೊತ್ತಿರುವುದರಿಂದ, ವಾರದ ಒಂದು ಪುಟದಲ್ಲಿ ಹಿಡಿಸದ ದೊಡ್ಡ ಪ್ರಶ್ನೆಗಳನ್ನು, ಉದಾಹರಣೆಗೆ ದರ ನಿಗದಿ ಅಥವಾ ಯಾವುದೋ ಒಂದು ಭಾಗವನ್ನು ಮುಚ್ಚಿಬಿಡುವ ವಿಚಾರವನ್ನು, ಅವುಗಳಿಗೆ ಕಾದಿರಿಸಬಹುದು.

ಮನೆಯವರ ವಿಷಯ ಬೇರೆಯೇ. ಕೀಬೋರ್ಡಿನ ಸದ್ದು ಕೇಳಿಸುತ್ತಿದ್ದರೆ ಅದು ಕೆಲಸ. ಕಿಟಕಿಯಾಚೆ ನೋಡುತ್ತ ಕೂತಿದ್ದರೆ ‘ಅಪ್ಪೀ, ಖಾಲಿ ಕುಂತಿದ್ದೆ ಅಲ್ದ, ಸೊಸೈಟಿಗೆ ಹೋಗಿ ಹಿಂಡಿ ತಗಂಡು ಬಾ’ ಎಂಬ ಮಾತು ಬಂದೇ ಬರುತ್ತದೆ. ಅವರಿಗೆ ವಿವರಿಸಿ ಪ್ರಯೋಜನವಿಲ್ಲ. ಗಂಟೆ ಗೊತ್ತುಮಾಡಿ ಹೇಳುವುದು, ಹಿಂಡಿಯನ್ನು ಅದೇ ದಿನ ಮಧ್ಯಾಹ್ನ ತಪ್ಪದೆ ತಂದುಕೊಡುವುದು, ಇವೆರಡರಿಂದ ಬೆಳಗು ಉಳಿಯುತ್ತದೆ. ಅಡಿಕೆಗೊನೆ ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಅಡಿಕೆ, ಕೋಣೆಯಲ್ಲಿ ಮೀಟಿಂಗು ಎಂದು ಎರಡನ್ನೂ ಅರ್ಧರ್ಧ ಮಾಡುವುದಕ್ಕಿಂತ ನೇರವಾಗಿ ರಜೆ ಹಾಕುವುದು ಒಳ್ಳೆಯದು.

ಮೀಟಿಂಗು, ತುರ್ತು ಮತ್ತು ಮೇಲಧಿಕಾರಿ

ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ತಂಡದ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಅದರ ಬದಲು ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ತರಿಸಿದರು. ಸಭೆಯ ಆರಂಭದಲ್ಲಿ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ. ನಮ್ಮ ನಿಮ್ಮ ತಂಡಗಳಲ್ಲಿ ಆರು ಪುಟದ ಟಿಪ್ಪಣಿ ಅತಿಯಾದೀತು. ಆದರೆ ಸ್ಥಿತಿಗತಿ ಹೇಳುವುದಕ್ಕಷ್ಟೇ ಕರೆದ ಮೀಟಿಂಗನ್ನು ಬರಹಕ್ಕೆ ಇಳಿಸುವುದು ಯಾರಿಂದಲೂ ಆಗುತ್ತದೆ. ಆಹ್ವಾನ ಬಂದಾಗ ನಿರಾಕರಿಸುವ ಬದಲು ಹೀಗೆ ಬರೆಯಬಹುದು: ‘ಈ ಸಭೆಯಲ್ಲಿ ಯಾವ ತೀರ್ಮಾನ ಆಗಬೇಕಾಗಿದೆ ಎಂದು ತಿಳಿಸುತ್ತೀರಾ? ನನ್ನ ಅಭಿಪ್ರಾಯವನ್ನು ಮುಂಚಿತವಾಗಿ ಬರೆದು ಕಳಿಸುತ್ತೇನೆ, ಅದು ಸಾಲದಿದ್ದರೆ ಖಂಡಿತ ಬರುತ್ತೇನೆ.’ ತೀರ್ಮಾನ ಇಲ್ಲದ ಸಭೆಗಳು ಈ ಒಂದು ಪ್ರಶ್ನೆಗೆ ತಾವಾಗಿ ಕರಗುವುದುಂಟು.

ತುರ್ತು ಯಾವುದು ಎಂಬುದನ್ನು ಮೊದಲೇ ಬರೆದು ತಂಡಕ್ಕೆ ಕೊಡಬೇಕು. ಹಣ ಕಡಿತವಾಗಿ ಮುಂದೆ ಹೋಗದೆ ನಿಂತಿದೆ, ಬಳಕೆದಾರರ ಮಾಹಿತಿ ಸೋರಿದೆ, ಲಾಗಿನ್ ಆಗುತ್ತಿಲ್ಲ ಎಂಬ ಮೂರಕ್ಕೆ ಫೋನ್ ಮಾಡಿ, ಉಳಿದದ್ದಕ್ಕೆಲ್ಲ ಮೆಸೇಜ್ ಹಾಕಿ, ಮಧ್ಯಾಹ್ನ ನೋಡುತ್ತೇನೆ ಎಂದರೆ ಒಪ್ಪದ ತಂಡವನ್ನು ನಾನು ಕಂಡಿಲ್ಲ. ಜನಕ್ಕೆ ಕಿರಿಕಿರಿಯಾಗುವುದು ಉತ್ತರ ತಡವಾಗುವುದರಿಂದಲ್ಲ, ಯಾವಾಗ ಬರುತ್ತದೆ ಎಂದು ತಿಳಿಯದಿರುವುದರಿಂದ.

ಮೇಲಧಿಕಾರಿಯ ಬಳಿ ‘ನನಗೆ ಯೋಚಿಸಲು ಸಮಯ ಬೇಕು’ ಎಂದು ಕೇಳಬಾರದು. ಅದು ರಜೆ ಕೇಳಿದಂತೆ ಕೇಳಿಸುತ್ತದೆ. ವಾರದ ಒಂದು ಪುಟವನ್ನು ಶುಕ್ರವಾರ ಅವರಿಗೆ ಕಳಿಸುತ್ತ ಬಂದರೆ, ಕೆಲವೇ ವಾರಗಳಲ್ಲಿ ಸ್ಥಿತಿಗತಿಯ ವರದಿಗಿಂತ ಆ ಪುಟವನ್ನೇ ಅವರು ಎದುರು ನೋಡತೊಡಗುತ್ತಾರೆ, ಆಗ ವರದಿಯನ್ನು ನಿಲ್ಲಿಸುವ ಮಾತೆತ್ತಬಹುದು. ಆ ಪುಟದಲ್ಲಿ ಏನನ್ನು ಮಾಡದಿರಲು ತೀರ್ಮಾನಿಸಿದ್ದೇವೆ ಎಂಬುದಕ್ಕೂ ಒಂದು ಸಾಲು ಇರಲಿ.

ಹಾಗೆಂದು ಎಲ್ಲವನ್ನೂ ಕೂತು ಯೋಚಿಸಬೇಕಾಗಿಲ್ಲ. ಬಟನ್ನಿನ ಮೇಲಿನ ಮಾತು, ಒಂದು ಸೂಚನೆಯ ವೇಳೆ, ಇಂಥ ಬದಲಾವಣೆಗಳನ್ನು ನಾಳೆಯೇ ಹಿಂದಕ್ಕೆ ಪಡೆಯಬಹುದಾದ್ದರಿಂದ ಮಾಡಿ ನೋಡುವುದೇ ಸರಿ. ಯೋಚನೆಯ ಹೆಸರಿನಲ್ಲಿ ಅವುಗಳನ್ನು ತಡೆದು ಹಿಡಿಯುವ ಪ್ರಾಡಕ್ಟ್ ಮ್ಯಾನೇಜರು ಎಂಜಿನಿಯರುಗಳ ಪಾಲಿಗೆ ಅಡ್ಡಗಲ್ಲಾಗುತ್ತಾರೆ. ಬದಲಿಸಿದರೆ ಹಿಂದಿರುಗಲಾಗದ ವಿಷಯಗಳಿಗೆ, ಅಂದರೆ ದರ, ಬಳಕೆದಾರರ ಮಾಹಿತಿಯನ್ನು ಬಳಸುವ ರೀತಿ, ಹೊರಗಿನವರೊಡನೆ ಮಾಡಿಕೊಳ್ಳುವ ಒಪ್ಪಂದ ಇಂಥವುಗಳಿಗೆ, ಬೆಳಗಿನ ಹೊತ್ತನ್ನು ಉಳಿಸಿಕೊಳ್ಳಬೇಕು.

ಪುಟಗಳನ್ನು ತಾರೀಕು ಹಾಕಿ ಒಂದು ಕಡೆ ಕೂಡಿಟ್ಟು, ಮೂರು ತಿಂಗಳಿಗೊಮ್ಮೆ ತೆರೆದು, ಯಾವ ಊಹೆ ನಿಂತಿತು, ಯಾವುದು ಬಿತ್ತು ಎಂದು ಪಕ್ಕದಲ್ಲಿ ಬರೆಯುವುದು ಒಳ್ಳೆಯದು. ಒಂದೇ ಬಗೆಯ ಊಹೆ ಮತ್ತೆ ಮತ್ತೆ ಬೀಳುತ್ತಿದ್ದರೆ, ಉದಾಹರಣೆಗೆ ಬೆಳೆಗಾರರು ಆ್ಯಪ್‌ನಲ್ಲಿ ಬರೆದು ತಿಳಿಸುತ್ತಾರೆ ಎಂದು ನಂಬಿದಾಗಲೆಲ್ಲ ಅವರು ಫೋನನ್ನೇ ಮಾಡಿದ್ದರೆ, ಮುಂದಿನ ವಾರದ ಪ್ರಶ್ನೆ ಅಲ್ಲೇ ಸಿಕ್ಕಂತಾಯಿತು. ಎರಡು ಮೂರು ವಾರ ಸತತವಾಗಿ ಪುಟ ಖಾಲಿ ಉಳಿದರೆ ಕೂರುವ ವೇಳೆಯನ್ನು ಹೆಚ್ಚಿಸಬೇಡಿ. ಪ್ರಶ್ನೆ ತೀರ ದೊಡ್ಡದಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಒಬ್ಬ ಬಳಕೆದಾರ, ಒಂದು ದಿನ, ಒಂದು ಕೆಲಸ ಎನ್ನುವಷ್ಟಕ್ಕೆ ಕಿರಿದು ಮಾಡಿ, ಅಂಥ ಬಳಕೆದಾರರೊಬ್ಬರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಪುಟದ ಮೇಲ್ಭಾಗದಲ್ಲಿ ಬರೆದುಕೊಂಡು ಮತ್ತೆ ಕುಳಿತುಕೊಳ್ಳಿ.